ಕಾರ್ಡ್ ಇಲ್ಲದವನಿಗೆ ಮುಂಬಾಗಿಲು

"ಮೇಡಂ, ಒಂದ್ನಿಮಿಷ... ಬಾಗಿಲು!"

ಹಿಂದಿನಿಂದ ಬಂದ ದನಿಗೆ ಗಿಣಿ ತಿರುಗಿ ನೋಡಿದಳು. ಎದೆ ಧಸಕ್ಕೆಂದಿತು!

ಎತ್ತರದ ಯುವಕ. ಎರಡೂ ಕೈಯಲ್ಲಿ ಗದ್ದ ಮುಟ್ಟುವಷ್ಟು ಪೇರಿಸಿದ ರಟ್ಟಿನ ಡಬ್ಬಗಳು. ಎಡಗಣ್ಣಿನ ಮೇಲೆ ಬಿಳಿ ಹತ್ತಿಯ ಪಟ್ಟಿ. ಉಳಿದ ಒಂದೇ ಕಣ್ಣಿನಲ್ಲಿ ಅವಳನ್ನು ನೋಡುತ್ತ, ಏನೋ ತಪ್ಪು ಮಾಡಿದವನಂತೆ ನಗುತ್ತಿದ್ದ.

'ಅಯ್ಯೋ ಪಾಪ... ಇಷ್ಟು ಚೆಂದದ ಕಣ್ಣು. ಇನ್ನೊಂದಕ್ಕೆ ಏನಾಯ್ತೋ!'

ಅದು ಕಣ್ಣಿನ ಆಸ್ಪತ್ರೆ. ಬೆಳಗಿನಿಂದ ಸಂಜೆಯವರೆಗೆ ಮೈಕಿನಲ್ಲಿ ರೋಗಿಗಳ ಹೆಸರು ಕೂಗುವುದು ಅವಳ ಕೆಲಸ. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಗಿಣಿ. ಹೆಸರಿಗೆ ತಕ್ಕಂತೆ ಹೆಗಲಲ್ಲಿ ಸದಾ ಒಂದು ಗಿಳಿಹಸಿರು ಬ್ಯಾಗು ಬೇರೆ!

ಸಿಬ್ಬಂದಿಯ ಆ ಹಿಂಬಾಗಿಲು ಕೊರಳ ಕಾರ್ಡ್ ತೋರಿಸಿದರಷ್ಟೇ ತೆರೆಯುತ್ತಿತ್ತು. ಆದರೆ ಆ ಆಸ್ಪತ್ರೆಯಲ್ಲಿ ಕಾರ್ಡಿಗಿಂತ ಹಳೆಯ ಕಾನೂನೊಂದಿತ್ತು. ಕೆಲಸಕ್ಕೆ ಸೇರಿದ ಮೊದಲ ದಿನವೇ ದೊಡ್ಡ ಡಾಕ್ಟರಮ್ಮ ಎಲ್ಲರಿಗೂ ಹೇಳುತ್ತಿದ್ದರು, "ಇಲ್ಲಿಗೆ ಬರೋರಿಗೆ ಕಣ್ಣು ಕಾಣಲ್ಲ. ಹಿಂದೆ ಬರೋರ ಮುಖದ ಮೇಲೆ ಬಾಗಿಲು ಬಿಡಬೇಡಿ." ಅದನ್ನು ಪಾಲಿಸುವುದೆಂದರೆ ಅಲ್ಲಿನವರಿಗೆ ಒಂದು ಹೆಮ್ಮೆ.

ಗಿಣಿ ಬೆನ್ನಿನಿಂದ ಬಾಗಿಲನ್ನು ಒತ್ತಿ ಹಿಡಿದಳು. ಅಷ್ಟಕ್ಕೇ ಬಿಡದೆ ಅವನ ಮೊಣಕೈಯನ್ನೂ ಹಿಡಿದಳು.

"ಮೆಟ್ಟಿಲಿದೆ, ಹುಷಾರು... ಇನ್ನೊಂದಿದೆ... ಹ್ಞಾಂ, ಆಯ್ತು."

ಅವನು ಒಂದು ಕ್ಷಣ ನಿಂತುಬಿಟ್ಟ. "ನೀವು... ಎಲ್ಲರಿಗೂ ಹೀಗೇ ಕೈ ಹಿಡೀತೀರಾ?"

"ಕಣ್ಣು ಕಾಣದೋರಿಗೆ ಮಾತ್ರ!"

ಅವನು ತಲೆ ತಗ್ಗಿಸಿದ. ಕಿವಿ ಕೆಂಪಾಗಿತ್ತು. ಗಿಣಿ ಅದನ್ನು ನಾಚಿಕೆ ಎಂದುಕೊಂಡಳು. ಪೆದ್ದಿ!

ಮಧ್ಯಾಹ್ನ ಎಲ್ಲರನ್ನೂ ಸಭೆಗೆ ಕರೆದರು. ಡಾಕ್ಟರಮ್ಮ ಎದ್ದು ನಿಂತು, "ಪಕ್ಕದೂರಿನ ಆಸ್ಪತ್ರೆ ಒಂದರಲ್ಲಿ ಕಳ್ಳರು ಕಂಪ್ಯೂಟರಿಗೆ ನುಗ್ಗಿ ಎಲ್ಲದಕ್ಕೂ ಬೀಗ ಹಾಕಿಬಿಟ್ರಂತೆ. ಆಪರೇಷನ್ನೆಲ್ಲ ನಿಂತುಹೋಯ್ತು. ನಮಗೆ ಹಾಗಾಗಬಾರದು. ಅದಕ್ಕೆ ನಮ್ಮಲ್ಲಿ ಎಲ್ಲಿ ಸಡಿಲ ಇದೆ ಅಂತ ಪರೀಕ್ಷೆ ಮಾಡೋಕೆ ಇವರನ್ನ ಕರೆಸಿದ್ದೀನಿ," ಎಂದರು.

ವೇದಿಕೆಗೆ ಬಂದವನನ್ನು ಕಂಡು ಗಿಣಿ ಕಣ್ಣರಳಿಸಿದಳು. ಅದೇ ಯುವಕ! ಅದೇ ಪಟ್ಟಿ!

ಅವನು ಕೈ ಎತ್ತಿ ಪಟ್ಟಿಯನ್ನು ಕಿತ್ತು ತೆಗೆದ.

ಒಳಗೆ ಎಡಗಣ್ಣು ಬಲಗಣ್ಣಿನಷ್ಟೇ ಚೆನ್ನಾಗಿತ್ತು!

"ಹಾಂ!" ಎಂಬ ಉದ್ಗಾರ ಇಡೀ ಸಭೆಯಲ್ಲಿ ಎದ್ದಿತು.

ಪರದೆಯ ಮೇಲೆ ಅಂದಿನ ಸಿಸಿಟಿವಿ ವಿಡಿಯೋ ಓಡಿತು. ಬಾಗಿಲು ಹಿಡಿದು ನಿಂತ ಹುಡುಗಿ. ಒಳಗೆ ನುಗ್ಗಿದ ಕಳ್ಳ. ಕಳ್ಳ ಕಾರಿಡಾರಿನಲ್ಲಿ ನಡೆಯುತ್ತಾನೆ. ಊಟದ ಹೊತ್ತಿನಲ್ಲಿ ತೆರೆದೇ ಬಿಟ್ಟುಹೋದ ಕಂಪ್ಯೂಟರಿನ ಮುಂದೆ ಕೂರುತ್ತಾನೆ. ಪರದೆಯ ತುಂಬ ರೋಗಿಗಳ ಹೆಸರು, ವಿಳಾಸ, ಕಾಯಿಲೆ!

ಅದು ಗಿಣಿಯ ಕುರ್ಚಿ, ಗಿಣಿಯ ಕಂಪ್ಯೂಟರ್.

ಹುಡುಗಿಯ ಮುಖವನ್ನೇನೋ ಮಸುಕು ಮಾಡಿದ್ದರು. ಆದರೆ ಗಿಳಿಹಸಿರು ಬ್ಯಾಗನ್ನು ಯಾರೂ ಮಸುಕು ಮಾಡಿರಲಿಲ್ಲ.

"ಅರೆ, ನಮ್ಮ ಗಿಣಿ!" ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ಸಭೆಯ ತುಂಬ ಹರಡಿತು. ಭೂಮಿ ಬಾಯಿ ಬಿಡಬಾರದೇ ಎನಿಸಿತು ಅವಳಿಗೆ.

ಸಭೆ ಮುಗಿದ ಮೇಲೆ ಡಾಕ್ಟರಮ್ಮ ಅವಳನ್ನು ಪಕ್ಕಕ್ಕೆ ಕರೆದರು. ಗದರಲಿಲ್ಲ. ಗದರಿದ್ದರೆ ವಾಸಿಯಿತ್ತು.

"ನೋಡಮ್ಮ, ಒಂದು ತಿಂಗಳು ತರಬೇತಿ ಇದೆ. ಕೊನೇಲಿ ಯಾರಿಗೂ ಹೇಳದೆ ಒಂದು ಪರೀಕ್ಷೆ ಮಾಡ್ತಾರೆ. ಅದರಲ್ಲೂ ನೀನು ಸಿಕ್ಕಿಬಿದ್ರೆ ಈ ಕುರ್ಚೀಲಿ ನಿನ್ನ ಇಟ್ಕೊಳೋಕಾಗಲ್ಲ. ಕೆಳಗಿನ ರೆಕಾರ್ಡ್ ರೂಮಿಗೆ ಹೋಗ್ಬೇಕಾಗುತ್ತೆ."

ರೆಕಾರ್ಡ್ ರೂಮು ನೆಲಮಾಳಿಗೆಯಲ್ಲಿತ್ತು. ಕಿಟಕಿ ಇಲ್ಲ, ಜನ ಇಲ್ಲ. ಆ ಕುರ್ಚಿಯೋ, ಅವಳ ಪ್ರಾಣ! ಪಟ್ಟಿ ಬಿಚ್ಚಿಸಿಕೊಂಡು ಹೊರಬಂದವರು ಅಲ್ಲೇ ಬಂದು ನಿಲ್ಲುತ್ತಿದ್ದರು. ಅಷ್ಟು ದಿನ ದನಿಯಷ್ಟೇ ಗೊತ್ತಿದ್ದವಳ ಮುಖ ನೋಡಿ, "ಓ, ನೀನೇನಾ ತಾಯಿ ಅದು!" ಎಂದು ಅರಳುತ್ತಿದ್ದರು. ಗಡಿಯಾರ ರಿಪೇರಿ ಮಾಡುವ ಅವಳ ಅಪ್ಪನ ಕಣ್ಣು ಉಳಿದದ್ದೂ ಅದೇ ಆಸ್ಪತ್ರೆಯಲ್ಲಿ.

ಕಾರಿಡಾರಿನ ತಿರುವಿನಲ್ಲಿ ಅವನು ಕಾಯುತ್ತಿದ್ದ.

"ಕ್ಷಮಿಸಿ. ಮುಖ ಕಾಣದ ಹಾಗೆ ಮಾಡಿದ್ದೆ. ಬ್ಯಾಗು... ನನಗೆ ಹೊಳೀಲಿಲ್ಲ."

"ಮುಖ ಮುಚ್ಚಿದ್ರೆ ಮಾನ ಉಳಿಯುತ್ತಾ?" ಗಿಣಿ ಅವನತ್ತ ತಿರುಗಿದಳು. "ಬಾಗಿಲು ಹಿಡಿದದ್ದು ನನ್ನ ತಪ್ಪು, ಒಪ್ತೀನಿ. ಆದ್ರೆ ಆ ಪಟ್ಟಿ! ನಮ್ಮಪ್ಪನೂ ಅಂಥದ್ದೇ ಪಟ್ಟಿ ಕಟ್ಕೊಂಡು ಇಲ್ಲಿಗೆ ಬರ್ತಿದ್ರು. ನಾಳೆಯಿಂದ ನಿಜವಾಗ್ಲೂ ಪಟ್ಟಿ ಕಟ್ಕೊಂಡೋರು ಬಂದ್ರೂ ನಾನು ಅನುಮಾನ ಪಡಬೇಕಲ್ಲ! ನೀವು ಕದ್ದಿದ್ದು ಆ ನಂಬಿಕೇನ!"

ಅವಳು ಕಣ್ಣೊರೆಸಿಕೊಳ್ಳುತ್ತ ಹೊರಟೇಹೋದಳು.

ಸಂಜೆ ಮನೆಯಲ್ಲಿ ಎಲ್ಲ ಕೇಳಿಸಿಕೊಂಡ ಅಪ್ಪ, ಕೈಯಲ್ಲಿದ್ದ ಗಡಿಯಾರವನ್ನು ಕೆಳಗಿಟ್ಟ.

"ಬೆಳ್ಳಗಿರೋದೆಲ್ಲ ಹಾಲಲ್ಲ ಮಗಳೇ."

"ಅದನ್ನೇ ಅಪ್ಪ ಎಲ್ಲರೂ ಹೇಳ್ತಿರೋದು!"

"ಪೂರ್ತಿ ಕೇಳು. ಹಾಲೂ ಬೆಳ್ಳಗೇ ಇರುತ್ತೆ. ಅದನ್ನೂ ಮರೀಬೇಡ."

ಮಗಳಿಗೆ ಆ ಎರಡನೆಯ ಮಾತು ಅಂದು ಕಿವಿಗೆ ಬೀಳಲೇ ಇಲ್ಲ.

ತರಬೇತಿ ಶುರುವಾಯಿತು. ಅವನಿಗೆ 'ಬೀಗದ ಮೇಷ್ಟ್ರು' ಎಂಬ ಹೆಸರು ಬಿತ್ತು. ಹೆಸರಿಟ್ಟವರು ಹೆಡ್ ನರ್ಸ್, ಎಲ್ಲರ ಪಾಲಿನ ಸಿಸ್ಟರಕ್ಕ. ವಾರ್ಡಿನ ಅಷ್ಟೂ ನರ್ಸುಗಳಿಗೆ ಒಂದೇ ಪಾಸ್‌ವರ್ಡ್ ಎಂದು ಅವನು ಪತ್ತೆಹಚ್ಚಿದ್ದೇ ಆಕೆಯಿಂದ. ಅದು ಸಿಸ್ಟರಕ್ಕನ ಮೊಮ್ಮಗನ ಹೆಸರು. ಆ ಮಗುವಿನ ಹೆಸರು, ಹಲ್ಲು ಬಂದ ಸುದ್ದಿ, ನೆಗಡಿ, ಎಲ್ಲವೂ ಇಡೀ ಆಸ್ಪತ್ರೆಗೆ ಗೊತ್ತಿತ್ತು!

"ಬಾಗಿಲಿಗೆ ಬೀಗ ಹಾಕಿ, ಕೀಲೀನ ಹೊಸ್ತಿಲ ಮೇಲಿಟ್ಟು, ಅದರ ಪಕ್ಕ ಒಂದು ಬೋರ್ಡನ್ನೂ ಬರೆದ ಹಾಗಾಯ್ತು ಸಿಸ್ಟರಕ್ಕ," ಎಂದ ಅವನು. ನರ್ಸುಗಳೆಲ್ಲ ನಕ್ಕರು. ಗಿಣಿ ಮಾತ್ರ ಮುಖ ಗಂಟಿಕ್ಕಿ ಕೂತಿದ್ದಳು.

ಬಾಗಿಲಿನ ಪಾಠ ಬಂದಾಗ ತರಗತಿಯಲ್ಲಿ ಗಲಾಟೆಯೇ ಆಯಿತು.

"ಕಾರ್ಡ್ ಇಲ್ಲದೋರಿಗೆ ಬಾಗಿಲು ಹಿಡೀಬೇಡಿ," ಎಂದ ಅವನು.

"ಕಣ್ಣು ಕಾಣದೋರ ಮುಖಕ್ಕೆ ಬಾಗಿಲು ಹಾಕ್ಬೇಕಾ? ನಮ್ಮ ಕೈಲಾಗಲ್ಲಪ್ಪ!" ಸಿಸ್ಟರಕ್ಕ ಎದ್ದೇ ನಿಂತರು.

ಆಗ ಹಿಂದಿನ ಸಾಲಿನಿಂದ ಒಂದು ದನಿ ಬಂತು. ಮೈಕಿಲ್ಲದೆಯೂ ಸ್ಪಷ್ಟವಾಗಿ ಕೇಳುವ ದನಿ.

"ಬಾಗಿಲು ಹಿಡಿಯೋದು ಬೇಡ. ಕೈ ಹಿಡಿಯೋಣ."

ಎಲ್ಲರೂ ತಿರುಗಿದರು. ಗಿಣಿ ನಿಂತಿದ್ದಳು.

"ಕಾರ್ಡ್ ಇಲ್ಲದೋರು ಹಿಂಬಾಗಿಲಿಗೆ ಬಂದ್ರೆ, ನಾವು ಹೊರಗೆ ಬಂದು ಬಾಗಿಲು ಮುಚ್ಚೋಣ. ಕೈ ಹಿಡ್ಕೊಂಡು ಮುಂಬಾಗಿಲಿಗೆ ಕರ್ಕೊಂಡು ಹೋಗೋಣ. ಅಲ್ಲಿ ಹೆಸರು ಕೇಳ್ತಾರೆ, ಯಾರು ಏನು ನೋಡ್ತಾರೆ. ರೋಗಿ ಆದ್ರೆ ಖುಷಿಪಡ್ತಾರೆ. ಕಳ್ಳ ಆದ್ರೆ..." ಅವನನ್ನೇ ನೋಡಿದಳು, "ದಾರೀಲೇ ಕೈ ಬಿಡಿಸ್ಕೊಂಡು ಓಡ್ತಾನೆ."

ಎಲ್ಲರೂ ನಕ್ಕರು. ಅವನು ನಗಲಿಲ್ಲ. ಬೋರ್ಡಿನ ಕಡೆ ತಿರುಗಿ, ಅವಳ ಮಾತನ್ನು ಒಂದಕ್ಷರ ಬಿಡದೆ ಬರೆದ.

"ಇಷ್ಟು ವರ್ಷದಲ್ಲಿ ಇಂಥ ಉತ್ತರ ನನಗೆ ಯಾರೂ ಕೊಟ್ಟಿರಲಿಲ್ಲ," ಎಂದ. "ಇನ್ನೊಂದು ಮಾತು. ನಾನು ಪಟ್ಟಿ ಕಟ್ಕೊಂಡು ಬಂದಿದ್ದು ತಪ್ಪು. ಬರೀ ಡಬ್ಬ ಸಾಕಿತ್ತು. ಇನ್ನೆಲ್ಲೂ ಹಾಗೆ ಮಾಡಲ್ಲ."

ಎಲ್ಲರೆದುರು ಅವಳ ಮಾನ ಕಳೆದವನು ಎಲ್ಲರೆದುರೇ ತಪ್ಪೊಪ್ಪಿಕೊಂಡಿದ್ದ. ಗಿಣಿಯ ಮುಖದ ಗಂಟು ತಾನಾಗಿಯೇ ಸಡಿಲವಾಯಿತು.

ಅಂದಿನಿಂದ ಬೀಗದ ಮೇಷ್ಟ್ರಿಗೆ ಅವಳ ಕೌಂಟರಿನಲ್ಲೇ ಸಾವಿರ ಕೆಲಸ. ಒಮ್ಮೆ ಕೇಬಲ್ ನೋಡಬೇಕು, ಇನ್ನೊಮ್ಮೆ ಪ್ರಿಂಟರ್ ನೋಡಬೇಕು. ಅವಳೋ, ನೀರು ಕುಡಿಯಲು ಎದ್ದರೂ ಅವನಿಗೆ ಕಾಣುವಂತೆ ಕಂಪ್ಯೂಟರನ್ನು ಲಾಕ್ ಮಾಡಿ, ಹುಬ್ಬು ಹಾರಿಸಿ ಹೋಗುತ್ತಿದ್ದಳು. ಅವನು ನಗುತ್ತಿದ್ದ.

ಒಂದು ದಿನ ಪೆನ್ನು ತಿರುವುತ್ತ ಕೇಳಿಯೇಬಿಟ್ಟ. "ನಿಮ್ಮ... ಫೋನ್ ನಂಬರ್ ಸಿಗಬಹುದಾ?"

"ಸ್ವಂತ ನಂಬರನ್ನ ಅಪರಿಚಿತರಿಗೆ ಕೊಡಬಾರದು. ನೀವೇ ಕಲಿಸಿದ್ದು!"

"ನಾನಿನ್ನೂ ಅಪರಿಚಿತನಾ?"

"ಇದು ಪ್ರಶ್ನೇನೋ, ಪರೀಕ್ಷೇನೋ?"

ಇಬ್ಬರೂ ನಕ್ಕರು. ಆದರೆ ಅವಳ ನಗೆಯ ಅಡಿಯಲ್ಲಿ ಭಯವಿತ್ತು. 'ಇವನನ್ನ ನಂಬಿದ್ದಕ್ಕೇ ಅಲ್ವಾ ಅವತ್ತು ಊರೆಲ್ಲ ನಕ್ಕಿದ್ದು? ಮತ್ತೆ ನಂಬಲಾ? ಕುರ್ಚಿ ಹೋದ್ರೆ?'

ಕೊನೆಯ ವಾರದ ಪಾಠದಲ್ಲಿ ಅವನು ಹೇಳಿದ್ದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು.

"ಗಾಳ ಯಾವತ್ತೂ ಗಾಳದ ಥರ ಕಾಣಲ್ಲ. ನಿಮ್ಮ ಮನಸ್ಸು ಯಾವ ಮಾತಿಗೆ ಕಾಯ್ತಿದೆಯೋ ಆ ಮಾತಾಗೇ ಬರುತ್ತೆ. ಅವಸರ ಮಾಡುತ್ತೆ, ಉತ್ತರ ಕೇಳುತ್ತೆ. ಅಂಥ ಮೇಲ್ ಬಂದ್ರೆ ಪರದೆಯ ಮೂಲೇಲಿರೋ ಕೆಂಪು ಗುಂಡಿ ಒತ್ತಿ. ಅದು ನೇರ ಡಾಕ್ಟರಮ್ಮನ ಹತ್ರ ಹೋಗುತ್ತೆ."

ಮರುದಿನ ಮಧ್ಯಾಹ್ನ, ರೋಗಿಗಳು ಕಡಿಮೆಯಾದ ಹೊತ್ತು. ಅವಳ ಕಂಪ್ಯೂಟರಿನಲ್ಲಿ ಒಂದು ಮೇಲ್ ಬಂದು ಕೂತಿತ್ತು.

ಕಳಿಸಿದವನು ಅವನೇ!

'ಗಿಣಿ, ನಾಳೆ ನನ್ನ ಕೆಲಸ ಮುಗಿಯುತ್ತೆ. ನೂರು ಜನರೆದುರು ಮಾತಾಡ್ತೀನಿ, ನಿಮ್ಮೊಬ್ಬರೆದುರು ನಾಲಿಗೆ ಏಳಲ್ಲ. ಅವತ್ತು ನನ್ನ ಕಣ್ಣಿಗೆ ಏನೂ ಆಗಿರಲಿಲ್ಲ. ಆದ್ರೆ ನೀವು ಮೊಣಕೈ ಹಿಡಿದು "ಮೆಟ್ಟಿಲಿದೆ, ಹುಷಾರು" ಅಂದ್ರಲ್ಲ... ಆ ದನಿ ಜೀವನ ಪೂರ್ತಿ ಪಕ್ಕದಲ್ಲಿರಲಿ ಅನ್ನಿಸ್ತಿದೆ. ನಿಮ್ಮನ್ನ ಪ್ರೀತಿಸ್ತೀನಿ. ಇವತ್ತು ಸಂಜೆಯೊಳಗೆ ಒಂದು ಉತ್ತರ ಕೊಡ್ತೀರಾ?'

ಅವಳ ಕೈ ಬಾಯಿಗೆ ಹೋಯಿತು. ಎದೆ ಹೊಡೆದುಕೊಳ್ಳುವ ಸದ್ದು ಮೈಕಿನಲ್ಲಿ ಕೇಳಿಸೀತು ಎಂದು ಹೆದರಿ ಮೈಕನ್ನು ಆರಿಸಿದಳು!

ಎಷ್ಟು ದಿನದಿಂದ ಕಾಯುತ್ತಿದ್ದ ಮಾತು ಅದು...

ಕಾಯುತ್ತಿದ್ದ ಮಾತು?

ಮನಸ್ಸು ಕಾಯುತ್ತಿದ್ದ ಮಾತು ಬಂದಿದೆ. ಅವಸರ ಮಾಡುತ್ತಿದೆ. ಉತ್ತರ ಕೇಳುತ್ತಿದೆ!

'ಇದೇ ಪರೀಕ್ಷೆ. ಅಯ್ಯೋ ದೇವರೇ, ಇದೇ ಪರೀಕ್ಷೆ! ಮೊದಲು ನನ್ನ ಕರುಣೆಗೆ ಪಟ್ಟಿ ಕಟ್ಕೊಂಡು ಬಂದ. ಈಗ ನನ್ನ ಪ್ರೀತಿಗೇ ಗಾಳ ಹಾಕಿದ. ನನ್ನ ಮನಸ್ಸು ಗೊತ್ತಾಗಿ, ಅದನ್ನೇ ಎರೆ ಮಾಡ್ಕೊಂಡ!'

ಕಣ್ಣು ಮಂಜಾಯಿತು. ಉತ್ತರ ಬರೆಯಲು ಬೆರಳುಗಳು ತಾವಾಗಿಯೇ ಮುಂದೆ ಹೋದವು. 'ನಾನೂ' ಎಂದು ಮೂಡಿತು. ಅಳಿಸಿದಳು. ಒಂದೇ ಒಂದು ಸಾಲು ಬರೆದರೆ ನಾಳೆ ಅದು ಪರದೆಯ ಮೇಲೆ ಬರುತ್ತದೆ. ಕುರ್ಚಿಯೂ ಹೋಗುತ್ತದೆ, ಇರುವ ಚೂರು ಮಾನವೂ ಹೋಗುತ್ತದೆ.

ಅಳುತ್ತಲೇ ಕೆಂಪು ಗುಂಡಿ ಒತ್ತಿದಳು.

ಸಂಜೆ ಅವನು ಕೌಂಟರಿನ ಮುಂದೆ ಹಾದುಹೋದ. ಒಮ್ಮೆ, ಮತ್ತೊಮ್ಮೆ. ಅವಳು ತಲೆ ಎತ್ತಲಿಲ್ಲ. ಅವನ ಹೆಜ್ಜೆ ನಿಧಾನವಾಗಿ ದೂರವಾಯಿತು.

ಮರುದಿನ ಬೀಳ್ಕೊಡುಗೆಯ ಸಭೆ. ಡಾಕ್ಟರಮ್ಮನ ಮುಖ ಬಿಗಿದಿತ್ತು.

"ಮೊದಲು ಒಳ್ಳೇ ಸುದ್ದಿ. ಪರೀಕ್ಷೆಯ ಮೇಲ್ ಮೊನ್ನೇನೇ ಬಂದಿತ್ತು. ಉಡುಗೊರೆ ಬಂದಿದೆ, ಇಲ್ಲಿ ಒತ್ತಿ ಅಂತ. ಗಿಣಿ ಅದನ್ನ ತೆಗೀಲೇ ಇಲ್ಲ. ಪಾಸಾಗಿದ್ದಾಳೆ."

ಗಿಣಿ ಬೆಚ್ಚಿದಳು. ಮೊನ್ನೆಯೇ? ಹಾಗಾದರೆ... ನಿನ್ನೆಯದು?

"ಈಗ ಕೆಟ್ಟ ಸುದ್ದಿ. ನಿನ್ನೆ ಗಿಣಿ ಕೆಂಪು ಗುಂಡಿ ಒತ್ತಿ ಇನ್ನೊಂದು ಮೇಲ್ ಕಳಿಸಿದ್ದಾಳೆ. ಅದು ನಮ್ಮ ಪರೀಕ್ಷೇದಲ್ಲ."

ಪರದೆ ಬೆಳಗಿತು. ಅದರ ಮೇಲೆ ಅದೇ ಮೇಲ್!

ಡಾಕ್ಟರಮ್ಮ ಆಪರೇಷನ್ ಥಿಯೇಟರಿನ ದನಿಯಲ್ಲಿ ಓದಿದರು. "'ಗಿಣಿ, ನಾಳೆ ನನ್ನ ಕೆಲಸ ಮುಗಿಯುತ್ತೆ...'" ಜೀವನ ಪೂರ್ತಿ ಎಂಬಲ್ಲಿ ಕೂಡ ದನಿ ಏರಲಿಲ್ಲ, ಇಳಿಯಲಿಲ್ಲ. ಕತ್ತರಿ, ಹತ್ತಿ ಎನ್ನುವ ಹಾಗೆಯೇ ಓದಿದರು.

"ಇದು ಬಂದಿರೋದು ಮೇಷ್ಟ್ರ ಸ್ವಂತ ಖಾತೆಯಿಂದ. ಅಂದ್ರೆ ಯಾರೋ ಅವರ ಖಾತೆಗೇ ನುಗ್ಗಿದ್ದಾರೆ!"

"ಬೇಲಿಯೇ ಎದ್ದು ಹೊಲ ಮೇಯೋ ಹಾಗಾಯ್ತಲ್ಲಪ್ಪ!" ಸಿಸ್ಟರಕ್ಕ ಎದೆ ಮುಟ್ಟಿಕೊಂಡರು.

"ಇನ್ನು ಕಾಯೋ ಹಾಗಿಲ್ಲ. ಎಲ್ಲ ಕಂಪ್ಯೂಟರನ್ನೂ ಆರಿಸಿ. ನಾಳೆಯ ಆಪರೇಷನ್ನುಗಳನ್ನೆಲ್ಲ ಮುಂದಕ್ಕೆ ಹಾಕ್ತಿದ್ದೀನಿ." ಡಾಕ್ಟರಮ್ಮ ಫೋನ್ ಎತ್ತಿಕೊಂಡರು.

"ನಿಲ್ಸಿ ಡಾಕ್ಟ್ರೇ!"

ಬಾಗಿಲ ಬಳಿ ಅವನು ನಿಂತಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ.

"ಯಾರೂ ನುಗ್ಗಿಲ್ಲ. ಆಪರೇಷನ್ ನಿಲ್ಲಿಸ್ಬೇಡಿ. ಅದನ್ನ... ಅದನ್ನ ಕಳಿಸಿದ್ದು ನಾನೇ."

"ಇನ್ನೊಂದು ಪರೀಕ್ಷೆನಾ?"

"ಅಲ್ಲ." ಅವನು ಮುಂದೆ ಬಂದ. "ನಿಜವಾಗಿ ಕಳಿಸಿದ್ದು. ಅದರಲ್ಲಿರೋ ಒಂದೊಂದು ಮಾತೂ ನಿಜ."

ಸಿಸ್ಟರಕ್ಕನ ದನಿ ಕೇಳಿಸಿತು. "ಬೀಗ ಹಾಕೋಕೆ ಬಂದೋರು ಹೃದಯ ಕದಿಯೋಕೆ ಕೂತ್ರಾ!"

ಇಡೀ ಸಭೆ ಗೊಳ್ಳೆಂದಿತು. ಅವನು ಕದಲಲಿಲ್ಲ. ಅಂದು ಅವಳು ಕೂತಿದ್ದ ಹಾಗೆಯೇ, ಆ ನಗೆಯ ನಡುವೆ ತಲೆ ತಗ್ಗಿಸಿ ನಿಂತಿದ್ದ.

"ಅವರನ್ನ ಯಾರೂ ಏನೂ ಅನ್ಬೇಡಿ," ಎಂದ ಕೊನೆಗೆ. "ಅವರು ನಾನು ಕಲಿಸಿದ್ದನ್ನ ಸರಿಯಾಗಿ ಮಾಡಿದ್ದಾರೆ. ಆಫೀಸಿನ ಮೇಲ್‌ನಲ್ಲಿ ಸ್ವಂತ ಮಾತು ಬರೆದದ್ದು ನನ್ನ ತಪ್ಪು. ಪಟ್ಟಿ ಕಟ್ಕೊಂಡು ಬಂದೋನು ಪ್ರೀತಿ ಅಂದ್ರೆ ಯಾರು ತಾನೇ ನಂಬ್ತಾರೆ?"

ಕೊರಳಿನ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟು ಹೊರಟುಹೋದ.

"ಗಿಣಿ, ಕುರ್ಚಿ ನಿನ್ನದೇ ಕಣಮ್ಮ," ಎಂದರು ಡಾಕ್ಟರಮ್ಮ. ತಿಂಗಳಿಡೀ ಅದೊಂದು ಮಾತಿಗಾಗಿ ಅವಳು ಒದ್ದಾಡಿದ್ದಳು. ಈಗ ಅದು ಯಾರಿಗೋ ಹೇಳಿದಂತಿತ್ತು.

'ಹಾಲೂ ಬೆಳ್ಳಗೇ ಇರುತ್ತೆ. ಅದನ್ನೂ ಮರೀಬೇಡ.'

ಅಪ್ಪನ ಎರಡನೆಯ ಮಾತು ಆಗ ಕೇಳಿಸಿತು. ಅವಳು ಎದ್ದು ಓಡಿದಳು!

ಹಿಂಬಾಗಿಲಿನ ಗಾಜಿನಾಚೆ ಅವನು ಕಂಡ. ಎರಡು ಕೈಯಲ್ಲೂ ಡಬ್ಬಗಳು. ಹೊರಗೆ ಹೋಗಿದ್ದಾನೆ, ಬಾಗಿಲು ಮುಚ್ಚಿಕೊಂಡಿದೆ, ಅವನ ಗಾಡಿಯ ಕೀಲಿ ಮಾತ್ರ ಒಳಗೆ ಬಾಗಿಲ ಪಕ್ಕದ ಮೊಳೆಯಲ್ಲೇ ತೂಗಾಡುತ್ತಿದೆ. ಕೊರಳಲ್ಲಿ ಕಾರ್ಡ್ ಇಲ್ಲ. ಬೀಗದ ಮೇಷ್ಟ್ರು ಬೀಗದ ಹೊರಗೆ!

ಅಳುವ ಮುಖದಲ್ಲೇ ಅವಳಿಗೆ ನಗು ಬಂತು. ಮೊಳೆಯಿಂದ ಕೀಲಿ ತೆಗೆದುಕೊಂಡು ಬಾಗಿಲು ತೆರೆದಳು. ಅವನು ಒಳಗೆ ಹೆಜ್ಜೆಯಿಡುವ ಮೊದಲೇ ತಾನೇ ಹೊರಗೆ ಬಂದು, ಬಾಗಿಲು ಮುಚ್ಚಿ, ಬಿಗಿಯಾಯಿತೇ ಎಂದು ಒಮ್ಮೆ ಎಳೆದು ನೋಡಿದಳು.

"ಕಾರ್ಡ್ ಎಲ್ಲಿ?"

"ಒಳಗೆ... ಇಟ್ಟುಬಂದೆ."

"ಕಾರ್ಡ್ ಇಲ್ಲದೋರನ್ನ ಈ ಬಾಗಿಲಲ್ಲಿ ಬಿಡಲ್ಲ."

"ಗೊತ್ತು. ಬೋರ್ಡಲ್ಲಿ ಬರೆದೋನೇ ನಾನು." ಅವನ ದನಿ ಬತ್ತಿಹೋಗಿತ್ತು. "ನನ್ನಿಂದ ನಿಮಗೆ ಎರಡು ಸಲ ಅವಮಾನ ಆಯ್ತು. ಕೀಲಿ ಕೊಡಿ, ಹೋಗ್ತೀನಿ."

ಅವಳು ಕೀಲಿಯನ್ನು ಮುಷ್ಟಿಯಲ್ಲಿ ಬಿಗಿದುಕೊಂಡಳು.

"ಮೇಲ್ ಎಲ್ಲ ನಾನು ನಂಬಲ್ಲ. ಬರೆದಿದ್ದನ್ನ ಎದುರಿಗೆ ನಿಂತು ಹೇಳಿ."

ಅವನು ದಂಗಾಗಿ ಅವಳನ್ನೇ ನೋಡಿದ. ನೂರು ಜನರೆದುರು ಗಂಟೆಗಟ್ಟಲೆ ಮಾತಾಡುವವನಿಗೆ ಮೂರು ಸಲ ಗಂಟಲು ಸರಿಮಾಡಿಕೊಳ್ಳಬೇಕಾಯಿತು.

"ನಾನು... ನಿಮ್ಮನ್ನ ಪ್ರೀತಿಸ್ತೀನಿ, ಗಿಣಿ."

"ಇನ್ನೊಂದ್ಸಲ. ಖಾತ್ರಿ ಎರಡು ಸಲ ಆಗ್ಬೇಕು ಅಂತ ಪಾಠದಲ್ಲಿ ನೀವೇ ಹೇಳಿದ್ದು."

"ಪ್ರೀತಿಸ್ತೀನಿ!" ಈ ಸಲ ದನಿ ನಡುಗಲಿಲ್ಲ.

ಅವಳ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ.

"ನಿನ್ನೆ ಉತ್ತರ ಬರೆದಿದ್ದೆ. 'ನಾನೂ' ಅಂತ. ಅಳಿಸಿಬಿಟ್ಟೆ, ಹೆದರಿ. ಈಗ ಅಳಿಸಲ್ಲ... ನಾನೂ ಪ್ರೀತಿಸ್ತೀನಿ. ನನ್ನ ನಂಬರೂ ಕೊಡ್ತೀನಿ, ಬರ್ಕೊಳ್ಳಿ."

"ಕೈಯಲ್ಲಿ ಡಬ್ಬ ಇದೆಯಲ್ಲ!"

"ಹಾಗಾದ್ರೆ ಮೊದಲು ಮುಂಬಾಗಿಲಿಗೆ ಬನ್ನಿ. ಅಲ್ಲಿ ನಿಮ್ಮ ಹೆಸರು ಕೇಳ್ತಾರೆ, ಯಾರ ಕಡೆಯೋರು ಅಂತ ಕೇಳ್ತಾರೆ."

"ಯಾರ ಕಡೆಯೋನು ಅನ್ನಲಿ?"

"ಗಿಣಿ ಕಡೆಯೋನು ಅನ್ನಿ."

ಅವಳು ಅವನ ಮೊಣಕೈ ಹಿಡಿದುಕೊಂಡಳು.

"ಗಿಣಿ, ನನಗೆ ಎರಡೂ ಕಣ್ಣು ಕಾಣುತ್ತೆ."

"ಗೊತ್ತು. ಸುಮ್ನೆ ಬನ್ನಿ," ಎಂದಳು ಅವಳು, ಕೈ ಬಿಡದೆ. "ಮೆಟ್ಟಿಲಿದೆ, ಹುಷಾರು."